ಕುರಿಹಟ್ಟಿಗೆ ನೆಟ್ಟ ಬಾವುಟ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಹಗರಿಬೊಮ್ಮನಹಳ್ಳಿ ಭಾಗದ ಕುರಿ ಸಾಕುವವರ ಸಂಘದ ಹಿರಿಯರೇ, ಹಿಂದಿನಿಂದ ಊಟದ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಈ ವಾರ್ಷಿಕೋತ್ಸವದಲ್ಲಿ ಜಿಪಿಎಸ್ ಯಂತ್ರದ ಬಗ್ಗೆ ಎರಡು ಮಾತು ಆಡಲು ನನ್ನನ್ನು ಕರೆದಿದ್ದೀರಿ. ಸರಿಯಾದವನನ್ನೇ ಕರೆದಿದ್ದೀರಿ. ಏಳನೇ ಕ್ಲಾಸು ಓದಿ ಉಪಗ್ರಹದ ಜೊತೆ ನೇರವಾಗಿ ವ್ಯವಹಾರ ಇಟ್ಟುಕೊಂಡವನು ಈ ಐದು ತಾಲ್ಲೂಕಿನಲ್ಲಿ ನಾನೊಬ್ಬನೇ. ಹೌದೋ ಅಲ್ಲವೋ?

ಎರಡು ಸಾವಿರದ ಏಳರಲ್ಲಿ ಗಾಳಿಯಂತ್ರದ ಸರ್ವೆಗೆ ಬಂದವರು ನಮ್ಮ ಮನೆಯಲ್ಲಿ ಬಾಡಿಗೆಗಿದ್ದರು. ಹೋಗುವಾಗ ಅಂಗೈಯಗಲದ ಹಳೆಯ ಯಂತ್ರವೊಂದನ್ನು ನನಗೆ ಕೊಟ್ಟರು. ಬೇಕಾದ ಜಾಗದಲ್ಲಿ ನಿಂತು ಗುಂಡಿ ಒತ್ತಿದರೆ ಪರದೆಯ ಮೇಲೆ ಬಾವುಟ ಮೂಡುತ್ತದೆ. ಮತ್ತೆ ಯಾವಾಗ ಕೇಳಿದರೂ ಬಾಣ ತೋರಿಸಿ ಅಲ್ಲಿಗೇ ಕರೆದೊಯ್ಯುತ್ತದೆ. ನಮ್ಮ ಬಾವಿಗೆ ಬಾವುಟ ನೆಟ್ಟೆ, ಕ್ಷೌರದಂಗಡಿಗೆ ನೆಟ್ಟೆ. ಕೋಗಳಿ ಹತ್ತಿರದ ಹೊಲದಲ್ಲಿ ಮೈಲಪ್ಪ ರಾತ್ರಿ ಕುರಿ ತರುಬಿ ನಿಲ್ಲಿಸಿದ್ದ ಹಟ್ಟಿಗೂ ನೆಟ್ಟೆ.

ಮೈಲಪ್ಪ ನನ್ನ ತಮ್ಮನ ಮಗಳು ಭೂಮಿಕಾಗೆ ಸೋದರಮಾವ. ಸೋದರಮಾವ ಎಲೆ-ಅಡಿಕೆ ಮುಟ್ಟದೆ ನಮ್ಮಲ್ಲಿ ನಿಶ್ಚಿತಾರ್ಥ ನಡೆಯುವುದಿಲ್ಲ. ಆ ಬಾವುಟ ನೆಟ್ಟ ಹದಿನೈದು ದಿನಕ್ಕೆ ಭೂಮಿಕಾಳ ನಿಶ್ಚಿತಾರ್ಥಕ್ಕೆ ಹರಪನಹಳ್ಳಿಯಿಂದ ಗಂಡಿನವರು ಬಂದು ಕುಳಿತರು. ಮೈಲಪ್ಪ ಮಾತ್ರ ಬರಲಿಲ್ಲ, ಫೋನೂ ಹತ್ತಲಿಲ್ಲ. ಗಂಡಿನ ಅಜ್ಜ ಆಗಲೇ ಚಪ್ಪಲಿ ಹುಡುಕತೊಡಗಿದ್ದರು. ಹುಡುಗಿಯ ಮುಖ ಸಣ್ಣದಾಯಿತು. ನಾನು ಟವೆಲ್ಲು ಕೊಡವಿ ಎದ್ದೆ. “ಕುಂದರ್ರಿ, ಈಗ ತರ್ತೀನಿ. ಮೈಲಪ್ಪ ಎಲ್ಲದಾನಂತ ಆಕಾಶಕ್ಕೇ ಗೊತ್ತೈತಿ” ಎಂದೆ.

ಬೈಕು ಏರಿದವನು ದಾರಿಯಲ್ಲಿ ಯಾರನ್ನೂ ಕೇಳಲಿಲ್ಲ. ಕೇಳಿದರೆ ಯಂತ್ರಕ್ಕೆ ಅವಮಾನವಲ್ಲವೇ? ಬಾಣ ಜಾಲಿಮುಳ್ಳಿನೊಳಗೆ ತೋರಿಸಿತು, ನುಗ್ಗಿದೆ. ಹಳ್ಳದೊಳಗೆ ತೋರಿಸಿತು, ಇಳಿದೆ. ಕೊನೆಗೆ ‘ಮುಟ್ಟಿದಿರಿ’ ಎನ್ನುವಂತೆ ಯಂತ್ರ ಕೂಗಿತು. ಒಂದು ಗೇಣೂ ತಪ್ಪಿರಲಿಲ್ಲ. ಹೊಲದ ತುಂಬ ಹಿಕ್ಕೆ. ಒಂದು ಕುರಿಯೂ ಇಲ್ಲ.

ನಾನು ಕುರಿಯವರ ಮನೆಯಲ್ಲೇ ಹುಟ್ಟಿದವನು. ಒಂದು ಹೊಲಕ್ಕೆ ಗೊಬ್ಬರವಾದ ಮೇಲೆ ಹಟ್ಟಿ ಮುಂದಿನ ಹೊಲಕ್ಕೆ ಏಳುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕೈಯಲ್ಲಿ ಉಪಗ್ರಹ ಇದ್ದವನಿಗೆ ಅಂಥ ಸಣ್ಣ ವಿಷಯ ಹೇಗೆ ನೆನಪಾಗಬೇಕು?

ಹೊಲದ ಯಜಮಾನ ಬೊಮ್ಮಪ್ಪ ಬದುವಿನ ಮೇಲೆ ಕುಳಿತಿದ್ದ. “ಕುರಿ ಎದ್ದು ಒಂದು ವಾರ ಆತಲ್ರಿ. ಹಿಕ್ಕಿ ಬೇಕಿದ್ರ ಒಯ್ರಿ” ಎಂದ.

ಅಷ್ಟರಲ್ಲಿ ಭೂಮಿಕಾಳ ಫೋನು ಬಂತು. “ದೊಡ್ಡಪ್ಪ, ಎಲ್ಲದೀ? ನೀನು ಹೋದ ಕೂಡ್ಲೇ ಮಾವ ಬಸ್ಸಿಳಿದು ಬಂದ. ಎಲಿ-ಅಡಿಕಿ ಮುಗೀತು. ಈಗ ನಿನ್ನ ಹುಡುಕಾಕತ್ತೀವಿ.”

ನಾನು ಗಂಭೀರವಾಗಿ ಪರದೆ ನೋಡಿ ನಿಂತ ಜಾಗದ ಅಕ್ಷಾಂಶ, ರೇಖಾಂಶವನ್ನು ಡಿಗ್ರಿ, ಮಿನಿಟು ಸಮೇತ ಓದಿ ಹೇಳಿದೆ.

“ಅದು ಯಾವೂರು ದೊಡ್ಡಪ್ಪ?” ಎಂದಳು.

ಹಿಂದೆ ಎಲ್ಲರೂ ನಗುವುದು ಕೇಳಿಸಿತು. ಗಂಡಿನ ಅಜ್ಜನೂ ನಗುತ್ತಿದ್ದರು. ಮೈಲಪ್ಪ ಫೋನು ಇಸಿದುಕೊಂಡ. “ಭಾವ, ಅಲ್ಲೇ ನಿಂದ್ರರಿ, ಕದಲಬ್ಯಾಡ್ರಿ. ತಪ್ಪಿಸಿಗೊಂಡ ಕುರಿ ಹೊಡಕೊಂಡು ಬರೋದು ನನಗೇನು ಹೊಸದಲ್ಲ.”

ಕದಲಲಿಲ್ಲ. ಇಷ್ಟು ಹೊತ್ತು ನನ್ನ ಮಾತಿನ ಹಿಂದೆ ಮುಳ್ಳು, ಹಳ್ಳ ಎನ್ನದೆ ಬಂದ ನಿಮಗೆಲ್ಲ ಉಪಕಾರ ಹೇಳಿ ಕೂರುತ್ತೇನೆ. ನಮಸ್ಕಾರ.