ಟರ್ಬೈನಿನ ಸಪ್ಪಳ

ಶಿಗ್ಗಾಂವ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹೆಂಗಸು ತನ್ನ ಮುದಿ ತಂದೆಗೆ ಒದರಿ ಒದರಿ ಹೇಳುತ್ತಿದ್ದಳು. ಹಾಗಾಗಿ ಎಲ್ಲವೂ ಕೇಳಿಸಿತು.

"ಅಬ್ಬಾಜಾನ್, ನೀವು ರಿಟೈರ್ ಆಗಿ ಮೂರು ವರ್ಷ ಆತು. ಪವರ್‌ಹೌಸಿನವರು ಇನ್ನೂ ಯಾಕ ಕರೀತಾರ?"

"ಆ ಟರ್ಬೈನು ನನಗಿಂತ ಹಳೇದು, ಸುಹಾನಾ. ಬೇರಿಂಗ್ ಕೆಟ್ಟದ್ದು ಸಪ್ಪಳದಾಗ ತಿಳಿಯೂದು ನನಗೊಬ್ಬಗ."

"ನಿಮಗ ಈಗ ಕಿವೀನ ಕೇಳಂಗಿಲ್ಲಲ್ಲ!"

"ಅದು ಅವರಿಗೆ ಗೊತ್ತಿಲ್ಲ."

"ಹೇಳ್ರಿ ಮತ್ತ."

"ಹೇಳಿದ್ರ ಯಾರೂ ನೋಡದನ ಚಾಲೂ ಮಾಡ್ತಾರ. ಕೆಳಗ ಏಳು ಮಂದಿ ಇರ್ತಾರ. ಟರ್ಬೈನಿಗೆ ಕೈ ಹಚ್ಚಿದ್ರ ಅದರ ನಡುಕ ನನಗ ಇನ್ನೂ ಸ್ವಲ್ಪ ತಿಳೀತೈತಿ."

"ಸರಿ ಐತಿ ಅಂತ ನೀವು ಹೇಳಿ, ಅದು ತಪ್ಪಾದ್ರ?"

ಮುದುಕ ಬಸ್ಸು ಬರುವ ಕಡೆ ನೋಡಿದ. ಆಕೆ ಮತ್ತೆ ಜೋರಾಗಿ ಕೇಳಿದಳು.

"ಮೊದಲನೇ ಸಲಾನ ಕೇಳಿಸ್ತವ್ವಾ," ಅಂದ.

ಬಸ್ಸು ಬಂತು. ಆಕೆ ಅವನ ತೋಳು ಹಿಡಿದಳು. ಮೆಲ್ಲಗೆ ಬಿಡಿಸಿಕೊಂಡು ಹತ್ತಿದ.