ಹಂಚಿನ ಸಂದಿ

ಕೆಂಡದ ಮೇಲೆ ಉದುರಿಸಿದ ಓಮದ ವಾಸನೆ. ಒಂದೂರಿನ ಶ್ರೀಮಂತನ ಮನಸ್ಸಿನಲ್ಲಿ ಚಿಕ್ಕಂದಿನಿಂದ ಉಳಿದದ್ದು ಅದೇ. ಆ ವಾಸನೆ ಬಂತೆಂದರೆ ಮನೆಗೆ ಹೊಸ ಕೂಸು ಬಂದಿದೆ ಎಂದರ್ಥ. ಅವನ ಬೆನ್ನಿಗೆ ಹುಟ್ಟಿದ ಮೂವರು ತಂಗಿಯರೂ ಆ ವಾಸನೆಯ ಜೊತೆಯಲ್ಲೇ ಬಂದವರು.

ಅವನ ಒಬ್ಬಳೇ ಮಗಳು ಬಾಣಂತನಕ್ಕೆ ತವರಿಗೆ ಬಂದಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹೆಣ್ಣು ಕೂಸು. ಪುಷ್ಯ ಮಾಸದ ಚಳಿ. ಶ್ರೀಮಂತ ಏನು ಮಾಡಿದ? ತನ್ನ ಹೊಸ ಆರ್‌ಸಿಸಿ ಮನೆಯ ಒಳಕೋಣೆಯ ಗಾಜಿನ ಕಿಟಕಿಗಳನ್ನೆಲ್ಲ ಮುಚ್ಚಿಸಿದ. ಮಂಚದ ಪಕ್ಕ ಕೆಂಡದ ಅಗ್ಗಿಷ್ಟಿಕೆ ಇಡಿಸಿ, ಓಮ ಉದುರಿಸಿ ಹೊಗೆ ಹಾಕಿಸಿದ. ಬಾಗಿಲ ಕೆಳಗಿನ ಸಂದಿಗೆ ತೀರಿಹೋದ ತಾಯಿಯ ಹಳೆಯ ಸೀರೆ ತುರುಕಿದ. ನೋಡಿ, ಮನೆ ತುಂಬ ಆಳುಗಳಿದ್ದರು. ಆದರೂ ನೆಲದ ಮೇಲೆ ಕೂತು ತಾನೇ ತುರುಕಿದ. ಅಷ್ಟು ಪ್ರೀತಿ.

ಕೂಸಿಗೆ ನೀರೆರೆಯಲು ಬರುತ್ತಿದ್ದ ಮುದುಕಿ ನಾಲ್ಕನೇ ದಿನ ಅವನ ಮುಂದೆ ನಿಂತಳು. ಕೂಸು ಉಸಿರೆಳೆದಾಗಲೆಲ್ಲ ಎದೆ ಒಳಕ್ಕೆ ಹೋಗುವುದನ್ನು ಅವಳು ಕಂಡಿದ್ದಳು.

"ಯಜಮಾನ್ರೆ, ಕಿಟಕಿ ಒಂದಿಷ್ಟು ತೆಗೀರಿ. ಬೆಂಕಿ ಹೊರಗಿಡಿಸ್ರಿ. ಮಗೀಗೆ ಉಸಿರು ಸಾಲ್ತಿಲ್ಲ."

"ನಮ್ಮವ್ವ ನಾಲ್ಕು ಮಕ್ಕಳನ್ನ ಹಿಂಗೇ ಸಾಕಿದ್ಲು. ನೀರು ಹುಯ್ಯೋದು ನಿನ್ನ ಕೆಲಸ. ಹುಯ್ದು ಹೋಗು."

"ನಿಮ್ಮವ್ವನ ಮನೆ ಹಂಚಿಂದು, ಯಜಮಾನ್ರೆ. ಹಂಚಿನ ಸಂದೀಲಿ ಹೊಗೆ ಹೋಗ್ತಿತ್ತು. ಇಲ್ಲಿ ಅದು ಎಲ್ಲಿಗೆ ಹೋಗ್ಬೇಕು?"

ಇಷ್ಟು ದೊಡ್ಡ ಮನೆ ಕಟ್ಟಿಸಿದವನಿಗೆ ಗುಡಿಸಲಿನವಳು ಪಾಠ ಹೇಳುವುದೇ? ನಾಳೆಯಿಂದ ಬರಬೇಡ ಎಂದುಬಿಟ್ಟ.

ಏಳನೇ ದಿನ ಕೂಸನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದರು. ಕೋಣೆಯಲ್ಲಿ ಹೊಗೆ ಇತ್ತೇ ಎಂದು ಡಾಕ್ಟರು ಕೇಳಿದರು. ಅವನ ಅಂಗಿಯ ತುಂಬ ಓಮದ ವಾಸನೆ ಇತ್ತು. ತೊಟ್ಟಿಲ ಶಾಸ್ತ್ರಕ್ಕೆ ಇನ್ನೂ ಎರಡು ದಿನ ಇರುವಾಗಲೇ ಕೂಸಿನ ಉಸಿರು ನಿಂತಿತು.

ಯಾರು ಕಿತ್ತುಕೊಂಡರು ಆ ಉಸಿರನ್ನು? ವೈರಿಯೇ? ಚಳಿಯೇ? ಅವನನ್ನು ಬೈಯಬೇಡಿ, ತಾಯಂದಿರೇ. ನಿಮ್ಮ ನಿಮ್ಮ ಮನೆಯ ಒಳಕೋಣೆಯನ್ನು ಒಮ್ಮೆ ನೆನೆಯಿರಿ. ಇಂದು ಮನೆಗೆ ಹೋದವರೇ ಕಿಟಕಿಗೆ ಅಡ್ಡ ಇಟ್ಟಿರುವ ಟ್ರಂಕು ಸರಿಸಿ. ಕೆಂಡವನ್ನು ಅಂಗಳಕ್ಕೆ ತನ್ನಿ. ಕೂಸಿಗೆ ಚಳಿಯಾದರೆ ಕುಲಾವಿ ಹಾಕಿ, ಎದೆಗವಚಿಕೊಳ್ಳಿ. ಹೊಗೆ ಹಾಕಬೇಡಿ. ಉಸಿರಾಟ ಕಷ್ಟವಾಯಿತೋ, ನಾಳೆ ನೋಡೋಣ ಎನ್ನದೆ ಡಾಕ್ಟರ ಹತ್ತಿರ ಓಡಿ. ಕೂಸನ್ನು ದಿನಾ ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವವಳು ಒಂದು ಮಾತು ಹೇಳಿದರೆ, ಅವಳ ಸೀರೆ ನೋಡಬೇಡಿ. ಮಾತು ಕೇಳಿ.

ಸಾವಾದ ಮನೆಯಲ್ಲಿ ಅಂದು ಒಲೆ ಹೊತ್ತಲಿಲ್ಲ. ಮಧ್ಯಾಹ್ನ ಆ ಮುದುಕಿ ಹಿತ್ತಲ ಬಾಗಿಲಿಂದ ಬಂದಳು. ನಾನು ಆಗಲೇ ಹೇಳಿದ್ದೆ ಎನ್ನಬಹುದಿತ್ತು, ಅನ್ನಲಿಲ್ಲ. ಬಾಗಿಲ ಬುಡದಲ್ಲಿದ್ದ ಸೀರೆಯನ್ನು ಎಳೆದು, ಕೊಡವಿ, ಮಡಿಸಿಟ್ಟಳು. ಬಾಣಂತಿಗೆ ನಾಲ್ಕು ತುತ್ತು ತಿನ್ನಿಸಿದಳು. ಆಮೇಲೆ ತಾನು ತಂದ ಅನ್ನ, ಬೇಳೆಸಾರನ್ನು ತಟ್ಟೆಗೆ ಬಡಿಸಿ ಶ್ರೀಮಂತನ ಕೈಗಿಟ್ಟಳು.