ಮೋಟಾರು ಸತ್ತ ಲೆನ್ಸು

ಕ್ಯಾಮೆರಾ ರಿಪೇರಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಸ್ಟುಡಿಯೊ ನಡೆಸುವ ಅಪ್ಪ, ಮಗಳು. ರಿಪೇರಿಯವನು ಲೆನ್ಸನ್ನು ಕಿವಿಗೆ ಹಿಡಿದು ಕೆಳಗಿಟ್ಟ.

“ಆಟೋಫೋಕಸ್ ಮೋಟಾರು ಸತ್ತು ವರ್ಷವಾಗಿರಬೇಕು, ಮೇಡಂ.”

“ಏನ್ರೀ ಹೇಳ್ತೀರಾ! ಮೊನ್ನೆ ಮದುವೇಲಿ ಅಪ್ಪ ಇದರಲ್ಲೇ ತೆಗೆದದ್ದು ನೋಡಿ, ರೆಪ್ಪೆಗೂದಲು ಎಣಿಸ್ಬಹುದು. ನಿನ್ನೆ ನಾನು ಹಿಡಿದ್ರೆ ಮಾತ್ರ ಎಲ್ಲಾ ಮಸುಕು.”

“ಹಾಗಾದ್ರೆ ಅವರು ಕೈಯಲ್ಲೇ ಫೋಕಸ್ ಮಾಡಿದ್ದಾರೆ.”

“ಹೌದಾ ಅಪ್ಪಾ?”

“ಲೆನ್ಸೇ ಮಾಡ್ಕೊಳ್ಳುತ್ತೆ ಅಂದ್ಕೊಂಡಿದ್ದೆ. ಬೆರಳು ಹಳೇ ಚಾಳಿಗೆ ಫೋಕಸ್ ರಿಂಗ್ ತಿರುಗಿಸ್ತಿತ್ತೇನೋ.”

“ಕಣ್ಣಿನ ಆಪರೇಷನ್ ಆದ್ಮೇಲೂ?”

“ಆ ಕಣ್ಣಿಗೇ ಹೆದರಿ, ಮೊನ್ನೆಯದೇ ಕೊನೆ, ಇನ್ನು ಕ್ಯಾಮೆರಾ ಮುಟ್ಟಬೇಡ ಅಂದವಳು ನೀನೇ ತಾನೆ?”

ಮಗಳು ಅಪ್ಪನ ಬೆರಳುಗಳನ್ನು ಮೊದಲ ಸಲ ಕಂಡವಳಂತೆ ನೋಡಿದಳು. ನಾನೂ ನೋಡಿದೆ.

“ರಿಪೇರಿ ಮಾಡ್ಲಾ?”

“ಬೇಡ ಬಿಡಿ. ಅಪ್ಪಾ, ಭಾನುವಾರದ ಮದುವೆಗೂ ನೀನೇ ತೆಗಿ. ಲೈಟು ನಾನು ಹಿಡ್ಕೋತೀನಿ.”

“ನೆಟ್ಟಗೆ ಹಿಡಿ ಮತ್ತೆ,” ಎನ್ನುತ್ತ ಅಪ್ಪ ಮುಂದೆ ನಡೆದರು.